ಸಣ್ಣ ಕಾರಿಗೆ ಹೆಡರ್: ಕೊಳವೆಗಿಂತ ಫ್ಲ್ಯಾಂಜ್ ಮುಖ್ಯ

ಪುಣೆಯಲ್ಲಿ ಕಾರಿನ ಕೆಲಸಕ್ಕೆ ಸಾಮಾನಿಗೂ ಬರವಿಲ್ಲ, ಕೈಗಳಿಗೂ ಬರವಿಲ್ಲ. ನಾನಾ ಪೇಠೆಯಲ್ಲಿ ಬಿಡಿಭಾಗದ ಅಂಗಡಿಗಳ ಸಾಲು, ಮಂಗಳವಾರ ಪೇಠೆಯ ಜುನಾ ಬಜಾರಿನಲ್ಲಿ ಭಾನುವಾರ, ಬುಧವಾರ ಹಳೆಯ ಕಬ್ಬಿಣದ ರಾಶಿ, ಭೋಸರಿ ಎಂಐಡಿಸಿಯಲ್ಲಿ ಲೇಸರ್ ಕಟಿಂಗ್, ಪೈಪ್ ಬೆಂಡಿಂಗ್, ಆರ್ಗಾನ್ ವೆಲ್ಡಿಂಗ್ ಮಾಡುವ ಶೆಡ್ಡುಗಳು. ಹಳೆಯ ಸ್ವಿಫ್ಟ್, ಝೆನ್, ಪಾಲಿಯೊ ಇಟ್ಟುಕೊಂಡವರಿಗೆ ಇಲ್ಲಿ ಬೇಗ ತಲೆಗೇರುವ ಆಸೆ ಒಂದಿದೆ: ಕಂಪನಿಯ ಎರಕದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕಿತ್ತು, ಮಿರಿಮಿರಿ ಮಿಂಚುವ ಸ್ಟೇನ್‌ಲೆಸ್ ಕೊಳವೆಗಳ ಹೆಡರ್ ಕೂರಿಸುವುದು. ಕೆಲಸ ಒಂದೇ ದಿನದ್ದು. ಆದರೆ ಚೆನ್ನಾಗಿ ಆಗುವುದು ಅಪರೂಪ. ತಪ್ಪುವುದು ಬಹುಪಾಲು ಕೊಳವೆಯ ವಿನ್ಯಾಸದಲ್ಲಿ ಅಲ್ಲ. ಅದು ಎಂಜಿನ್ನಿಗೆ ತಾಗುವ ಆ ಹತ್ತು ಮಿಲಿಮೀಟರ್ ದಪ್ಪದ ತಟ್ಟೆಯಲ್ಲಿ, ಅಂದರೆ ಫ್ಲ್ಯಾಂಜಿನಲ್ಲಿ.

ದುಡ್ಡು ಖರ್ಚು ಮಾಡುವ ಮೊದಲು ಬಾನೆಟ್ ಎತ್ತಿ ನೋಡಿ. ಚಾಕಣದಲ್ಲಿ ತಯಾರಾಗುವ ಫೋಕ್ಸ್‌ವ್ಯಾಗನ್ ಕಾರುಗಳ 1.0 ಟಿಎಸ್‌ಐ ಎಂಜಿನ್ನಿನಲ್ಲಿ ಬಿಚ್ಚುವುದಕ್ಕೆ ಮ್ಯಾನಿಫೋಲ್ಡೇ ಇಲ್ಲ. ಅದು ಸಿಲಿಂಡರ್ ಹೆಡ್ಡಿನೊಳಗೇ ಎರಕವಾಗಿದ್ದು, ಕೂಲೆಂಟ್ ಸುತ್ತ ಹರಿದು ಅದನ್ನು ತಣಿಸುತ್ತದೆ. ಇತ್ತೀಚಿನ ಎಷ್ಟೋ ಪೆಟ್ರೋಲ್ ಕಾರುಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಮ್ಯಾನಿಫೋಲ್ಡಿಗೇ ಬೆಸೆದುಕೊಂಡಿರುತ್ತದೆ. ಒಂದನ್ನು ತೆಗೆದರೆ ಎರಡೂ ಹೋದಂತೆ. ಅಂಥ ಕಾರಿನವರು ಈ ಆಸೆ ಬಿಡುವುದೇ ಮೇಲು. ಉಳಿಯುವುದು ಹಳೆಯ ಪೀಳಿಗೆಯ ಕಾರುಗಳು. ಪುಣೆಗೆ ಬಿಎಸ್3 ನಿಯಮ ಬಂದದ್ದು 2005ರಲ್ಲಿ, ಬಿಎಸ್4 2010ರ ಏಪ್ರಿಲ್‌ನಲ್ಲಿ. ಆ ಕಾಲದ ಕಾರಿನಲ್ಲಿ ಕ್ಯಾಟ್ ಬೇರೆಯಾಗಿ ಕೆಳಗಡೆ ಇದ್ದರೆ, ಅದನ್ನು ಮುಟ್ಟದೆ ಮ್ಯಾನಿಫೋಲ್ಡ್ ಮಾತ್ರ ಬದಲಿಸುವ ಅವಕಾಶವಿದೆ. ಮುಂದಿನ ಮಾತೆಲ್ಲ ಅಂಥ ಕಾರುಗಳದ್ದು.

ಎರಕದ ಮ್ಯಾನಿಫೋಲ್ಡನ್ನು ಹೀಗಳೆಯುವುದು ಫ್ಯಾಷನ್. ನಿಜವಾಗಿ ಅದು ಅಗ್ಗ, ಸದ್ದು ಕಡಿಮೆ, ವರ್ಷಗಟ್ಟಲೆ ಬಿರುಕು ಬಿಡದೆ ಬಾಳುತ್ತದೆ. ಅದರ ದೋಷ ಒಂದೇ. ನಾಲ್ಕು ಪೋರ್ಟುಗಳಿಂದ ಬಂದ ಹೊಗೆ ಗೇಣು ದೂರದೊಳಗೆ ಒಂದೇ ಬಾಯಿಗೆ ನುಗ್ಗುತ್ತದೆ. ನಾಲ್ಕು ಸಿಲಿಂಡರ್ ಎಂಜಿನ್ನಿನಲ್ಲಿ ಕ್ರ್ಯಾಂಕ್ 180 ಡಿಗ್ರಿ ತಿರುಗುವಷ್ಟರಲ್ಲಿ ಮುಂದಿನ ಸಿಲಿಂಡರಿನ ಸರದಿ ಬರುತ್ತದೆ, ಆದರೆ ಎಕ್ಸಾಸ್ಟ್ ವಾಲ್ವ್ ಅದಕ್ಕಿಂತ ಹೆಚ್ಚು ಹೊತ್ತು ತೆರೆದಿರುತ್ತದೆ. ಒಬ್ಬ ಬಾಗಿಲು ಮುಚ್ಚುವ ಮೊದಲೇ ಪಕ್ಕದವನ ಹೊಗೆಯ ಹೊಡೆತ ಬಂದು ತಳ್ಳುತ್ತದೆ. ಸರದಿ 1-3-4-2 ಇರುವುದರಿಂದ 1ನೆಯದು 4ನೆಯದರ ಜತೆ, 2ನೆಯದು 3ನೆಯದರ ಜತೆ ಸೇರಿದರೆ ಪ್ರತಿ ಜೋಡಿಯ ನಡುವೆ 360 ಡಿಗ್ರಿ ಅಂತರ ಸಿಗುತ್ತದೆ, ತಳ್ಳಾಟ ತಪ್ಪುತ್ತದೆ. ಮೊದಲು ನಾಲ್ಕು ಕೊಳವೆ, ಆಮೇಲೆ ಎರಡು, ಕೊನೆಗೆ ಒಂದು. ಇದನ್ನೇ ಗ್ಯಾರೇಜಿನವರು 4-2-1 ಎನ್ನುತ್ತಾರೆ. ನಾಲ್ಕನ್ನೂ ನೇರ ಒಂದಕ್ಕೆ ಸೇರಿಸುವ 4-1 ರೇಸ್ ಟ್ರ್ಯಾಕಿನ ಮೇಲಿನ ಆರ್‌ಪಿಎಂಗೆ ಸರಿ, ಊರೊಳಗಿನ ಓಡಾಟಕ್ಕಲ್ಲ. ಮಾರುತಿ 800ರಂಥ ಮೂರು ಸಿಲಿಂಡರ್ ಎಂಜಿನ್ನಿನಲ್ಲಿ ಸರದಿಗಳ ಅಂತರವೇ 240 ಡಿಗ್ರಿ. ಅಲ್ಲಿ ತಳ್ಳಾಟ ಮೊದಲೇ ಕಡಿಮೆ, ಹೆಡರಿನ ಲಾಭವೂ ಕಡಿಮೆ.

ಇದರ ಜತೆಗೆ ಅಲೆಯ ಆಟವಿದೆ. ವಾಲ್ವ್ ತೆರೆದಾಗ ಹೊರಟ ಒತ್ತಡದ ಅಲೆ, ಕೊಳವೆಗಳು ಕೂಡುವ ಅಗಲವಾದ ಜಾಗ ತಲುಪಿದಾಗ ನಿರ್ವಾತದ ಅಲೆಯಾಗಿ ಹಿಂದಿರುಗುತ್ತದೆ. ಸರಿಯಾದ ಹೊತ್ತಿಗೆ ವಾಲ್ವ್ ಬಳಿ ಬಂದರೆ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಎಳೆದು ತೆಗೆಯುತ್ತದೆ. 2005ರ ಸ್ವಿಫ್ಟಿನ 1.3 ಎಂಜಿನ್ ಲೆಕ್ಕ ಹಾಕೋಣ. ಅದರ ಗರಿಷ್ಠ ಟಾರ್ಕ್ 4500 ಆರ್‌ಪಿಎಂನಲ್ಲಿ. ಆ ವೇಗದಲ್ಲಿ ಕ್ರ್ಯಾಂಕ್ 120 ಡಿಗ್ರಿ ತಿರುಗುವುದಕ್ಕೆ ಸುಮಾರು 4.4 ಮಿಲಿಸೆಕೆಂಡ್. ಬಿಸಿ ಹೊಗೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ 550 ಮೀಟರ್ ಎಂದಿಟ್ಟುಕೊಂಡರೆ ಅಲೆ ಅಷ್ಟರಲ್ಲಿ 2.4 ಮೀಟರ್ ಓಡುತ್ತದೆ. ಹೋಗಿ ಬರುವ ದಾರಿಯಾದ್ದರಿಂದ ಕೊಳವೆಯ ಉದ್ದ 1.2 ಮೀಟರ್ ಬೇಕು. ಸಣ್ಣ ಕಾರಿನ ಎಂಜಿನ್ ಕೋಣೆಯಲ್ಲಿ ಅಷ್ಟು ಉದ್ದದ ನಾಲ್ಕು ಕೊಳವೆಗಳನ್ನು ಮಡಚಿಡುವ ಜಾಗವೆಲ್ಲಿದೆ? ಆದ್ದರಿಂದ ಮಾರುಕಟ್ಟೆಯ ಹೆಡರ್ ಯಾವತ್ತೂ ರಾಜಿ ಮಾಡಿಕೊಂಡ ವಸ್ತು. 87 ಪಿಎಸ್‌ನ ಆ ಎಂಜಿನ್ನಿನಿಂದ, ಬೇರೇನೂ ಬದಲಿಸದೆ, ನಾಲ್ಕೈದು ಪಿಎಸ್ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ಸಂಜೆಯ ಕರ್ವೆ ರಸ್ತೆಯಲ್ಲಿ ಅದು ಗೊತ್ತೇ ಆಗದು. ಕೊಲ್ಲಾಪುರ ದಾಟಿ ಬೆಳಗಾವಿ ಕಡೆ ಹೋಗುವವರು ಖಂಬಾಟಕಿ ಘಾಟಿನಲ್ಲಿ ಮೂರನೆಯ ಗೇರಿನಲ್ಲಿ ಏರುವಾಗ ಅಷ್ಟಿಷ್ಟು ತಿಳಿದೀತು. ಕಿವಿಗೆ ಸಿಗುವಷ್ಟು ಚಕ್ರಕ್ಕೆ ಸಿಗುವುದಿಲ್ಲ.

ಈಗ ಫ್ಲ್ಯಾಂಜಿಗೆ ಬರೋಣ. ಸಿದ್ಧ ಹೆಡರ್ ಕೊಂಡರೂ, ಭೋಸರಿಯಲ್ಲಿ ಮಾಡಿಸಿದರೂ ಒಂದೇ ಕಾಯಿಲೆ. ಒಂದೂವರೆ ಮಿಲಿಮೀಟರ್ ದಪ್ಪದ ಕೊಳವೆಗಳನ್ನು ಫ್ಲ್ಯಾಂಜಿಗೆ ಬೆಸೆದಾಗ ಆ ತಟ್ಟೆ ಬಾಳೆಹಣ್ಣಿನಂತೆ ಬಾಗುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಬೆಸೆಯುವಾಗ ಅದನ್ನು ದಪ್ಪ ಉಕ್ಕಿನ ಹಲಗೆಗೋ ಹಳೆಯ ಸಿಲಿಂಡರ್ ಹೆಡ್ಡಿಗೋ ಬೋಲ್ಟ್ ಹಾಕಿ ಬಿಗಿದಿರಬೇಕು, ತಣ್ಣಗಾಗುವ ತನಕ ಬಿಚ್ಚಬಾರದು. ಆಮೇಲೂ ಒಮ್ಮೆ ಮಿಲ್ಲಿಂಗ್ ಮೆಷಿನ್ನಿನಲ್ಲಿ ಮುಖ ಸಮ ಮಾಡಿಸಬೇಕು. ಪರೀಕ್ಷೆ ಸುಲಭ: ಉಕ್ಕಿನ ನೇರಪಟ್ಟಿಯನ್ನು ಉದ್ದಕ್ಕೂ ಅಡ್ಡಡ್ಡಕ್ಕೂ ಇಟ್ಟು ಕೆಳಗೆ ಫೀಲರ್ ಗೇಜ್ ತೂರಿಸಿ. 0.1 ಮಿಲಿಮೀಟರಿನ ಎಲೆ ನುಸುಳಿದರೆ ಹೆಡರ್ ವಾಪಸ್. 'ನಟ್ ಟೈಟ್ ಮಾಡಿದರೆ ಕೂರುತ್ತೆ ಸಾರ್' ಎಂಬ ಮಾತು ನಂಬಬೇಡಿ; ಟೈಟ್ ಮಾಡಿದಾಗ ಕೂರುವುದು ಫ್ಲ್ಯಾಂಜ್ ಅಲ್ಲ, ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಕಿತ್ತು ಬರುವುದು. ಕೊಳವೆಯ ಬಾಯಿ ಹೆಡ್ಡಿನ ಪೋರ್ಟಿಗಿಂತ ಕೊಂಚ ದೊಡ್ಡದಿದ್ದರೆ ತೊಂದರೆಯಿಲ್ಲ, ಚಿಕ್ಕದಿದ್ದರೆ ಹೊಗೆಗೆ ಮೆಟ್ಟಿಲು ಅಡ್ಡ ಬಂದಂತೆ.

ಬಿಸಿಯ ಹಿಗ್ಗುವಿಕೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. 304 ದರ್ಜೆಯ ಸ್ಟೇನ್‌ಲೆಸ್ ಎರಕದ ಕಬ್ಬಿಣಕ್ಕಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ. 400 ಮಿಲಿಮೀಟರ್ ಕೊಳವೆ 500 ಡಿಗ್ರಿ ಬಿಸಿಯೇರಿದರೆ ಮೂರೂವರೆ ಮಿಲಿಮೀಟರ್ ಬೆಳೆಯುತ್ತದೆ. ಬೆಳೆದದ್ದಕ್ಕೆ ಹೋಗಲು ದಾರಿ ಇಲ್ಲದಿದ್ದರೆ ಬೆಸುಗೆ ಬಿರಿಯುತ್ತದೆ. ತುದಿಯ ಸ್ಟಡ್ಡುಗಳ ತೂತು ತುಸು ಅಗಲವಿರಬೇಕು, ಕೊಳವೆಗಳು ಕೂಡಿದ ಮೇಲೆ ಕೆಳಗೊಂದು ಹೆಣೆದ ಫ್ಲೆಕ್ಸ್ ಜೋಡಣೆ ಇರಬೇಕು. ಎಂಜಿನ್ ರಬ್ಬರ್ ಮೌಂಟಿನ ಮೇಲೆ ಕುಲುಕುವುದನ್ನೂ ಅದೇ ತಾಳಿಕೊಳ್ಳುತ್ತದೆ.

ಹಳೆಯದನ್ನು ಬಿಚ್ಚುವಾಗ ಅವಸರ ಬೇಡ. ಹಿಂದಿನ ರಾತ್ರಿಯೇ ಎಲ್ಲ ನಟ್ಟುಗಳಿಗೆ ತುಕ್ಕು ಸಡಿಲಿಸುವ ಎಣ್ಣೆ ಹೊಡೆದಿಡಿ. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ. ಆಮ್ಲಜನಕ ಸೆನ್ಸರನ್ನು ಮೊದಲು ಬಿಚ್ಚಿ ಪಕ್ಕಕ್ಕಿಡಿ. ಅದರ ತಂತಿ ಎಳೆದಾಡಿದರೆ ಹೊಸದಕ್ಕೆ ದುಡ್ಡು ತೆರಬೇಕು. ನಟ್ಟು ಬಾರದೆ ಸ್ಟಡ್ ತಿರುಗತೊಡಗಿದರೆ ಬಲ ಹಾಕದೆ ಹಿಂದೆ ಮುಂದೆ ಆಡಿಸಿ. ಮುರಿದೇ ಹೋದರೆ, ಉಳಿದ ತುಣುಕಿನ ಮೇಲೆ ನಟ್ಟೊಂದನ್ನು ಬೆಸೆದು ತಿರುಗಿಸುವುದು ಪಳಗಿದ ಮೇಸ್ತ್ರಿಯ ಉಪಾಯ. ಬೆಸುಗೆಯ ಬಿಸಿಯೇ ತುಕ್ಕಿನ ಹಿಡಿತ ಬಿಡಿಸುತ್ತದೆ.

ಕೂರಿಸುವಾಗ ಸ್ಟಡ್, ನಟ್, ಪ್ಯಾಕಿಂಗ್ ಮೂರೂ ಹೊಸವಿರಲಿ. ಹೆಡ್ಡಿನ ಮುಖವನ್ನು ಹಳೆಯ ಪ್ಯಾಕಿಂಗಿನ ಕರಕು ಹೋಗುವಂತೆ ಒರೆಸಿ, ಗೀರು ಬೀಳದಂತೆ. ಎಲ್ಲ ನಟ್ಟುಗಳನ್ನು ಮೊದಲು ಬೆರಳಲ್ಲೇ ತಿರುಗಿಸಿ, ಕೆಳಗಿನ ಪೈಪನ್ನೂ ಸಡಿಲವಾಗಿ ಸೇರಿಸಿ. ಆಮೇಲೆ ಟಾರ್ಕ್ ರೆಂಚ್ ಹಿಡಿದು ನಡುವಿನಿಂದ ತುದಿಗಳ ಕಡೆಗೆ, ಎರಡು ಸುತ್ತಿನಲ್ಲಿ ಬಿಗಿಯಿರಿ. 8 ಮಿಲಿಮೀಟರ್ ಸ್ಟಡ್ಡಿಗೆ 20ರಿಂದ 25 ನ್ಯೂಟನ್-ಮೀಟರ್ ಸಾಮಾನ್ಯ, ನಿಮ್ಮ ಕಾರಿನ ಕೈಪಿಡಿ ಹೇಳಿದ್ದು ಅಂತಿಮ. ಕೆಳಗಿನ ಜೋಡಣೆಗಳನ್ನು ಕೊನೆಗೆ ಬಿಗಿಯಬೇಕು. ಅನೇಕ ಗ್ಯಾರೇಜುಗಳಲ್ಲಿ ಇದು ತಿರುಗುಮುರುಗು: ಸೈಲೆನ್ಸರ್ ಮೊದಲು ಭದ್ರ ಮಾಡಿ, ಆಮೇಲೆ ಸನ್ನೆಗೋಲು ಹಾಕಿ ಹೆಡರನ್ನು ಹೆಡ್ಡಿಗೆ ಒತ್ತುತ್ತಾರೆ. ಆ ಸೆಳೆತ ಕಾರು ಓಡುವಷ್ಟು ದಿನವೂ ಸ್ಟಡ್ಡಿನ ಮೇಲೆ ಇರುತ್ತದೆ. ಎಣ್ಣೆಯ ಡಿಪ್‌ಸ್ಟಿಕ್ ಕೊಳವೆ, ಎಸಿ ಪೈಪು, ವೈರಿಂಗ್ ಯಾವುದೂ ಹೆಡರಿಗೆ ಎರಡು ಬೆರಳಿಗಿಂತ ಹತ್ತಿರ ಬಾರದಿರಲಿ. ಬರುವಲ್ಲಿ ಶಾಖತಡೆ ತಗಡು ಹಾಕಿ. ಅದರ ಬದಲು ಕೊಳವೆಗೆ ಶಾಖತಡೆ ಪಟ್ಟಿ ಸುತ್ತಿದರೆ, ಅದು ಮಳೆಗಾಲದಲ್ಲಿ ತೇವ ಹಿಡಿದಿಟ್ಟು ಸಾದಾ ಉಕ್ಕಿನ ಕೊಳವೆಯನ್ನು ತಿನ್ನುತ್ತದೆ. ಕಾರನ್ನು ಎತ್ತಿದಾಗಲೇ ಕೆಳಭಾಗ ನೋಡಿಬಿಡಿ, ಪುಣೆಯ ಗಲ್ಲಿಗಳ ಸ್ಪೀಡ್ ಬ್ರೇಕರುಗಳು ಜೋಲುವ ಕೊಳವೆಯನ್ನು ಬಿಡುವುದಿಲ್ಲ.

ಎಲ್ಲಕ್ಕಿಂತ ಸೂಕ್ಷ್ಮದ್ದು ಆಮ್ಲಜನಕ ಸೆನ್ಸರ್. ನಾಲ್ಕೂ ಕೊಳವೆಗಳ ಹೊಗೆ ಕೂಡಿದ ಮೇಲೆ ಅದರ ಜಾಗ. ಮೂತಿ ಕೆಳಮುಖವಾಗಿ, ಅಡ್ಡಸಮಕ್ಕಿಂತ ಕನಿಷ್ಠ 10 ಡಿಗ್ರಿ ಓರೆಯಾಗಿ ಇರಬೇಕು, ಇಲ್ಲವಾದರೆ ಬೆಳಗಿನ ತಣ್ಣನೆಯ ನೀರಹನಿ ಒಳಗಿನ ಪಿಂಗಾಣಿಯನ್ನು ಸೀಳುತ್ತದೆ. ಪ್ಯಾಕಿಂಗಿಗೆ ಸಿಲಿಕೋನ್ ಸೀಲೆಂಟ್ ಮೆತ್ತಿದರೆ ಅದರ ಆವಿ ಸೆನ್ಸರಿಗೆ ವಿಷ. ಫ್ಲ್ಯಾಂಜಿನ ಸೋರಿಕೆ ನಿಜವಾಗಿ ಕಚ್ಚುವುದೂ ಇಲ್ಲೇ. ಸೋರುವುದೆಂದರೆ ಹೊಗೆ ಹೊರಗೆ ಬರುವುದು ಮಾತ್ರವಲ್ಲ. ಪ್ರತಿ ಒತ್ತಡದ ಹಿಂದೆ ಬರುವ ನಿರ್ವಾತ ಅದೇ ಸಂದಿನಿಂದ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಸೆನ್ಸರ್ ಆ ಆಮ್ಲಜನಕ ಕಂಡು ಪೆಟ್ರೋಲ್ ಸಾಲದು ಎನ್ನುತ್ತದೆ, ಎಂಜಿನ್ ನಿಯಂತ್ರಿಸುವ ಇಸಿಯು ಮತ್ತಷ್ಟು ಸುರಿಯುತ್ತದೆ. ಹೆಡರ್ ಹಾಕಿಸಿದ ಮೇಲೆ ಮೈಲೇಜ್ ಬಿತ್ತು ಎನ್ನುವವರ ಕಾರಿನಲ್ಲಿ ಮೊದಲು ಹುಡುಕಬೇಕಾದದ್ದು ಇದನ್ನು. ಎಂಜಿನ್ ತಣ್ಣಗಿರುವಾಗ ಬ್ಲೋವರಿನಿಂದ ಹಿಂದಿನ ಪೈಪಿನೊಳಗೆ ಗಾಳಿ ಊದಿ, ಫ್ಲ್ಯಾಂಜಿಗೆ ಸೋಪುನೀರು ಸವರಿ. ಗುಳ್ಳೆ ಎದ್ದಲ್ಲಿ ಸೋರಿಕೆ.

ಪಿಯುಸಿ ಕೇಂದ್ರದಲ್ಲಿಯೂ ಇದೇ ಸಂದು ಬಯಲಾಗುತ್ತದೆ. ಬಿಎಸ್4 ಪೆಟ್ರೋಲ್ ಕಾರಿನ ಎಂಜಿನ್ನನ್ನು 2500 ಆರ್‌ಪಿಎಂ ಆಸುಪಾಸಿನಲ್ಲಿ ಓಡಿಸಿದಾಗ ಇಂಗಾಲದ ಮಾನಾಕ್ಸೈಡ್ 0.2 ಶೇಕಡ ಮೀರಬಾರದು, ಗಾಳಿ-ಪೆಟ್ರೋಲ್ ಅನುಪಾತ ತೋರಿಸುವ ಲ್ಯಾಂಬ್ಡಾ 0.97ರಿಂದ 1.03ರೊಳಗೆ ಇರಬೇಕು. ಕ್ಯಾಟ್ ತೆಗೆದುಹಾಕಿದ ಕಾರು ಇದನ್ನು ದಾಟುವುದು ಕಷ್ಟ. ಕ್ಯಾಟ್ ಇಟ್ಟುಕೊಂಡರೂ, ಉದ್ದದ ಹೆಡರಿನಿಂದಾಗಿ ಅದು ಎಂಜಿನ್ನಿನಿಂದ ದೂರ ಸರಿದರೆ ಬಿಸಿಯೇರಿ ಕೆಲಸ ಶುರುಮಾಡಲು ಹೆಚ್ಚು ಹೊತ್ತು ಬೇಕು. ಪರೀಕ್ಷೆಗೆ ಮುನ್ನ ಕಾರು ಚೆನ್ನಾಗಿ ಓಡಿರಲಿ.

ಕಾನೂನಿನ ಮಾತು ಚುಟುಕಾಗಿ, ಆದರೆ ಮುಚ್ಚುಮರೆಯಿಲ್ಲದೆ. ಕೋಥ್ರೂಡಿನ ವೇತಾಳ ಟೇಕಡಿಯ ಮೇಲೆ 1966ರಲ್ಲಿ ಹುಟ್ಟಿದ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ಇದೆ; ಕಾರಿನ ಮಾದರಿಯೊಂದು ಮಾರಾಟಕ್ಕೆ ಬರುವ ಮೊದಲು ಅಂಥ ಸಂಸ್ಥೆಯ ಪ್ರಮಾಣಪತ್ರ ಬೇಕು. ಅಲ್ಲಿ ಪರೀಕ್ಷೆಯಾದದ್ದು ಕಂಪನಿಯ ಮ್ಯಾನಿಫೋಲ್ಡ್, ನಿಮ್ಮ ಹೆಡರ್ ಅಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ವಿವರಕ್ಕೆ ಹೊಂದದ ಮಾರ್ಪಾಡನ್ನು ತಡೆಯುತ್ತದೆ. ಶಬ್ದ, ಹೊಗೆಯ ಮಿತಿ ಮೀರಿದರೆ 190(2)ನೇ ಕಲಮಿನಡಿ ಮೊದಲ ಬಾರಿಗೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ವಿಮಾ ಕಂಪನಿಗೆ ತಿಳಿಸದ ಬದಲಾವಣೆ ಕ್ಲೇಮಿನ ಹೊತ್ತಿಗೆ ತಕರಾರಾಗಿ ಎದುರಾಗುತ್ತದೆ. ರ‍್ಯಾಲಿ, ಟ್ರ್ಯಾಕ್ ಕಾರಿಗೆ ಹೆಡರ್ ಹೊಂದುತ್ತದೆ. ದಿನವೂ ಆಫೀಸಿಗೆ ಓಡುವ ಕಾರಿಗೆ ನಾನಂತೂ ಶಿಫಾರಸು ಮಾಡಲಾರೆ.

ಹಾಕಿಸಿಯೇ ಬಿಟ್ಟವರಿಗೆ ಎರಡು ಕೆಲಸ ಉಳಿದಿವೆ. ಮೊದಲ ಸಲ ಎಂಜಿನ್ ಚೆನ್ನಾಗಿ ಕಾದು, ಮತ್ತೆ ಪೂರ್ತಿ ಆರಿದ ಮೇಲೆ ನಟ್ಟುಗಳನ್ನು ಅದೇ ಟಾರ್ಕಿನಲ್ಲಿ ಇನ್ನೊಮ್ಮೆ ಬಿಗಿಯುವುದು. ಹಳೆಯ ಎರಕದ ಮ್ಯಾನಿಫೋಲ್ಡನ್ನು ಗುಜರಿಗೆ ಹಾಕದೆ, ಎಣ್ಣೆ ಸವರಿ ಗೋಣಿಯಲ್ಲಿ ಸುತ್ತಿಡುವುದು. ಈ ಕಾರುಗಳಲ್ಲಿ ಹಲವಕ್ಕೆ ಹದಿನೈದು ವರ್ಷ ತುಂಬಿದೆ ಅಥವಾ ತುಂಬುತ್ತಿದೆ, ಆಮೇಲೆ ನೋಂದಣಿ ನವೀಕರಣ ಐದೈದು ವರ್ಷಕ್ಕೊಮ್ಮೆ. ಆರ್‌ಟಿಒ ಇನ್‌ಸ್ಪೆಕ್ಟರ್ ಹೆಡರ್ ಒಪ್ಪದಿದ್ದರೆ ಮೂಲ ಭಾಗ ಮರಳಿ ಹಾಕಲೇಬೇಕು. ಬಿರುಕಿಲ್ಲದ ಹಳೆಯ ಮ್ಯಾನಿಫೋಲ್ಡ್ ಆಗ ಜುನಾ ಬಜಾರಿನಲ್ಲಿ ಸಿಕ್ಕೇ ಸಿಗುತ್ತದೆಂದು ಹೇಳುವಂತಿಲ್ಲ.