ಟನ್ನಿನ ಲೆಕ್ಕ, ಮಣ್ಣಿನ ಲೆಕ್ಕ

ಕಬ್ಬು ನುರಿಸುವ ಹಂಗಾಮಿನಲ್ಲಿ ಅಥಣಿ, ಕಾಗವಾಡ, ರಾಯಬಾಗದ ಕಡೆ ಇಬ್ಬರು ರೈತರು ಎದುರಾದರೆ ‘ಎಕರೆಕ ಎಷ್ಟ ಟನ್ ಬಿತ್ತು?’ ಎಂಬ ಮಾತು ಬಂದೇ ಬರುತ್ತದೆ. ಈ ಟನ್ನಿಗೆ ಸರ್ಕಾರಿ ಕಡತದ ಇಂಗ್ಲಿಷಿನಲ್ಲಿ ‘ಔಟ್‌ಪುಟ್’ ಎನ್ನುತ್ತಾರೆ. ಅದರಿಂದ ಕೊನೆಗೆ ಮನೆಗೂ ಮಣ್ಣಿಗೂ ಏನಾಯಿತು ಎಂಬುದು ‘ಔಟ್‌ಕಮ್’. ಕೇಂದ್ರ ಸರ್ಕಾರ 2005ರಲ್ಲಿ ಔಟ್‌ಕಮ್ ಬಜೆಟ್ ಮಂಡಿಸಿದ್ದೇ ಈ ಎರಡನ್ನೂ ಬೇರೆ ಬೇರೆಯಾಗಿ ಅಳೆಯಬೇಕೆಂದು. ಕೃಷ್ಣಾ ದಂಡೆಯ ಹೊಲಗಳಲ್ಲಿ ಆ ವ್ಯತ್ಯಾಸ ನೆಲದ ಮೇಲೆ ಬೆಳ್ಳಗೆ ಕಾಣುತ್ತದೆ.

ಇಲ್ಲಿಯದು ಎರೆಮಣ್ಣು, ನೀರು ಬೇಗ ಬಸಿಯುವುದಿಲ್ಲ. ಪಂಪ್‌ಸೆಟ್ಟು, ಏತ ನೀರಾವರಿ, ಕಾಲುವೆ ಬಂದ ಮೇಲೆ ಕಬ್ಬಿಗೆ ವರ್ಷವಿಡೀ ನೀರು ಹಾಯಿಸುವುದು ರೂಢಿಯಾಯಿತು. ಅಂತರ್ಜಲ ಬೇರಿನ ಮಟ್ಟಕ್ಕೆ ಏರಿತು. ಬಿಸಿಲಿಗೆ ನೀರು ಆವಿಯಾಯಿತು, ಉಪ್ಪು ಮೇಲೆಯೇ ಉಳಿಯಿತು. ಸವಳು-ಜವಳು ಎಂದು ಜನ ಕರೆಯುವುದು ಇದನ್ನೇ. ಮೊದಮೊದಲು ಇಳುವರಿ ಏರುತ್ತಿದ್ದುದರಿಂದ ಅಡಿಯಲ್ಲಿ ನಡೆಯುತ್ತಿದ್ದುದು ಯಾರ ಕಣ್ಣಿಗೂ ಬೀಳಲಿಲ್ಲ. ಕಾರ್ಖಾನೆಯ ತೂಕದ ಚೀಟಿಯಲ್ಲಿ ಮಣ್ಣಿನ ಸುದ್ದಿ ಇರುವುದಿಲ್ಲವಲ್ಲ!

ಪರಿಹಾರ ಇದೆ. ತೂತುಳ್ಳ ಪೈಪುಗಳನ್ನು ನೆಲದೊಳಗೆ ಸುಮಾರು ಒಂದು ಮೀಟರ್ ಆಳದಲ್ಲಿ ಹೂತು ಹೆಚ್ಚುವರಿ ನೀರನ್ನು ಹಳ್ಳಕ್ಕೆ ಬಿಡಬೇಕು. ಮಳೆನೀರೋ ಒಳ್ಳೆಯ ನೀರೋ ಮಣ್ಣನ್ನು ತೊಳೆದಾಗ ಉಪ್ಪು ಅದರ ಜೊತೆ ಹೊರಬೀಳುತ್ತದೆ. ಕ್ಷಾರ ಹೆಚ್ಚಿದ್ದರೆ ಜಿಪ್ಸಂ ಬೇಕು, ಸೆಣಬನ್ನೋ ಡಯಂಚವನ್ನೋ ಬೆಳೆದು ಮಣ್ಣಿಗೆ ಸೇರಿಸಬೇಕು. ಆದರೆ ಇಲ್ಲಿಯೂ ಅದೇ ತೊಡಕು. ಎಷ್ಟು ಮೀಟರ್ ಪೈಪು ಹಾಕಿದೆವು ಎಂಬುದು ಔಟ್‌ಪುಟ್ ಅಷ್ಟೇ. ಹಳ್ಳದಲ್ಲಿ ಹೂಳು ತುಂಬಿದ್ದರೆ ನೀರು ಹೋಗುವುದೆಲ್ಲಿಗೆ? ಕೆಳಗಿನ ಹೊಲದವರು ದಾರಿ ಕೊಡದಿದ್ದರೆ ಪೈಪು ಮಣ್ಣೊಳಗೆ ಸುಮ್ಮನೆ ಬಿದ್ದಿರುತ್ತದೆ, ಬಿಲ್ಲು ಮಾತ್ರ ಪಾಸಾಗಿರುತ್ತದೆ.

2015ರಲ್ಲಿ ಬಂದ ಮಣ್ಣು ಆರೋಗ್ಯ ಕಾರ್ಡನ್ನೇ ನೋಡಿ. ಅದರಲ್ಲಿ 12 ಅಂಶಗಳಿವೆ. ರಸಸಾರವೂ, ಲವಣ ಎಷ್ಟೆಂದು ಹೇಳುವ ವಿದ್ಯುತ್ ವಾಹಕತೆಯೂ ಸೇರಿವೆ. ಎಷ್ಟು ಕಾರ್ಡು ಹಂಚಿದೆವು ಎಂದು ಲೆಕ್ಕ ಕೊಡುವುದು ಸುಲಭ. ಕಾರ್ಡು ನೋಡಿದ ರೈತ ನೀರು ಕಡಿಮೆ ಮಾಡಿದನೇ, ಹನಿ ನೀರಾವರಿಗೆ ಬಂದನೇ, ಮುಂದಿನ ಪರೀಕ್ಷೆಯಲ್ಲಿ ಉಪ್ಪು ಇಳಿದಿದೆಯೇ ಎಂದು ಕೇಳುವುದಕ್ಕೆ ಮತ್ತೆ ಅದೇ ಹೊಲಕ್ಕೆ ಹೋಗಬೇಕಾಗುತ್ತದೆ.

ಹೋಗಲೇಬೇಕು ಎನ್ನುವುದು ನನ್ನ ಒತ್ತಾಯ. ಚಿಕ್ಕೋಡಿ, ನಿಪ್ಪಾಣಿಯ ದೂಧಗಂಗಾ, ವೇದಗಂಗಾ ದಂಡೆಯಲ್ಲಿಯೂ ನೀರು ಹಾಯಿಸಿ ಕಬ್ಬು ಬೆಳೆಯುವವರಿದ್ದಾರೆ. ಸವಳು ಕಾಣಿಸಿಕೊಳ್ಳುವ ಮೊದಲೇ ಅಲ್ಲಿಯ ಮಣ್ಣನ್ನು ಪರೀಕ್ಷಿಸಲಿ. ಪೈಪು ಹೂತ ಹೊಲದ ಮಣ್ಣನ್ನು ಪ್ರತಿ ಬೇಸಿಗೆಯಲ್ಲಿ ಪರೀಕ್ಷಿಸಿ, ಬಂದ ಅಂಕಿಯನ್ನು ಪಂಚಾಯ್ತಿ ಗೋಡೆಯ ಮೇಲೆ ಬರೆಯಲಿ. ಹಳ್ಳದ ಹೂಳು ತೆಗೆಯುವ ಖರ್ಚನ್ನು ಪೈಪಿನ ಅಂದಾಜುಪಟ್ಟಿಯಲ್ಲಿಯೇ ಸೇರಿಸಲಿ.