ಸ್ಪ್ರಿಂಗ್ ಬದಲಿಸಿದರೆ ಶಾಕ್ ಅಬ್ಸಾರ್ಬರನ್ನೂ ಬದಲಿಸಬೇಕೆ?

ಪ್ರಶ್ನೆ: ಕಾರಿಗೆ ಗಟ್ಟಿ ಸ್ಪ್ರಿಂಗ್ ಹಾಕಿಸಿದ ಮೇಲೆ ಹಂಪ್ ದಾಟಿದರೂ ಗಾಡಿ ಕುಣಿಯುವುದು ನಿಲ್ಲುತ್ತಿಲ್ಲ. ಏಕೆ?

ಉತ್ತರ: ಭಾರ ಹೊರುವುದು ಸ್ಪ್ರಿಂಗ್, ಕುಣಿತ ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಅದರೊಳಗಿನ ಪಿಸ್ಟನ್ ಸಣ್ಣ ಕಂಡಿಗಳ ಮೂಲಕ ಎಣ್ಣೆಯನ್ನು ನುಗ್ಗಿಸುತ್ತದೆ. ಕುಣಿತದ ಶಕ್ತಿ ಬಿಸಿಯಾಗಿ ಕರಗುತ್ತದೆ. ನಿಮ್ಮ ಹಳೆಯ ಶಾಕ್ ಹಳೆಯ ಸ್ಪ್ರಿಂಗಿಗೆ ಅಳತೆ ಮಾಡಿದ್ದು. ಹೊಸದು ಅದೇ ಕುಗ್ಗಿನಲ್ಲಿ ಹೆಚ್ಚು ಶಕ್ತಿ ಕೂಡಿಟ್ಟುಕೊಂಡು ಜೋರಾಗಿ ಚಿಮ್ಮುತ್ತದೆ.

ಹಾಗಂತ ಸ್ಪ್ರಿಂಗ್ ಬಿಗಿಯಾದಷ್ಟೇ ಶಾಕ್ ಬಿಗಿಯಾಗಬೇಕಿಲ್ಲ. ಬೇಕಾದ ತಡೆ ಏರುವುದು ಬಿಗಿತದ ವರ್ಗಮೂಲದ ಲೆಕ್ಕದಲ್ಲಿ. ಮಿಲಿಮೀಟರಿಗೆ 25 ನ್ಯೂಟನ್ ಬಿಗಿತದ ಸ್ಪ್ರಿಂಗ್ ತೆಗೆದು 36ರದ್ದು ಹಾಕಿದರೆ ಬಿಗಿತ ಶೇ. 44 ಹೆಚ್ಚಿತು, ಗಾಡಿಯ ತೂಕ ಅಷ್ಟೇ ಇದ್ದರೆ ತಡೆ ಶೇ. 20 ಹೆಚ್ಚಿದರೆ ಸಾಕು. ಅದರಲ್ಲೂ ಮುಖ್ಯವಾಗಿ ಸ್ಪ್ರಿಂಗ್ ಹಿಗ್ಗುವಾಗಿನ ತಡೆ ಹೆಚ್ಚಬೇಕು, ಏಕೆಂದರೆ ಕುಗ್ಗುವಾಗ ಗಟ್ಟಿ ಸ್ಪ್ರಿಂಗೇ ಅರ್ಧ ಕೆಲಸ ಮಾಡಿರುತ್ತದೆ.

ಅತಿಯಾದರೂ ಕೆಡುಕೇ. ಸಾಲು ಸಾಲು ಗುಂಡಿಗಳಲ್ಲಿ ಚಕ್ರ ಪೂರ್ತಿ ಕೆಳಗಿಳಿಯುವ ಮೊದಲೇ ಮುಂದಿನ ಏಟು ಬಿದ್ದು, ಗಾಡಿ ತಗ್ಗುತ್ತಾ ಹೋಗಿ ಕೊನೆಗೆ ರಬ್ಬರ್ ಸ್ಟಾಪರಿಗೆ ಬಡಿಯುತ್ತದೆ. ಆಗ ಬೆನ್ನಿಗೂ ಪೆಟ್ಟು, ಟೈರಿನ ಹಿಡಿತಕ್ಕೂ ಪೆಟ್ಟು.

ಬಾನೆಟ್ಟಿನ ಮೂಲೆ ಒತ್ತಿ ಬಿಟ್ಟು ನೋಡಿ. ಮೇಲೆದ್ದು ಒಂದೇ ಸಲಕ್ಕೆ ನೆಲೆಯಾಗಬೇಕು. ಮತ್ತೆ ಮತ್ತೆ ತೂಗಾಡಿದರೆ ಶಾಕ್ ಸೋತಿದೆ. ಹಿಗ್ಗುವ ತಡೆಯನ್ನು ತಿರುಗಿಸಿ ಹೊಂದಿಸಬಹುದಾದ ಶಾಕನ್ನೇ ಕೊಳ್ಳಿ ಎಂಬುದು ನನ್ನ ಸಲಹೆ. ಸ್ಪ್ರಿಂಗ್ ಗಿಡ್ಡದ್ದಾಗಿದ್ದರೆ ಶಾಕ್ ಕೂಡ ಆ ಉದ್ದಕ್ಕೆ ಹೊಂದುವುದೇ ಇರಲಿ.