ಬ್ರೇಕ್ ಡ್ರಮ್ಮಿನ ಆಯಸ್ಸಿನ ಲೆಕ್ಕ

ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬೆಂಗಳೂರಿನ ಎನ್.ಆರ್. ಕಾಲೋನಿ ಬಸ್ ನಿಲ್ದಾಣದತ್ತ ಬರುವ 15 ಟನ್ನಿನ ಬಸ್ಸು ನಿಲ್ಲಬೇಕಾದರೆ ಸುಮಾರು 9 ಲಕ್ಷ ಜೂಲ್ ಶಕ್ತಿಯನ್ನು ಕಳೆದುಕೊಳ್ಳಬೇಕು. 3 ಲೀಟರ್ ತಣ್ಣೀರನ್ನು ಕುದಿಸುವಷ್ಟು ಶಕ್ತಿ ಅದು. ಅದರ ಬಹುಪಾಲು ನಾಲ್ಕೈದು ಸೆಕೆಂಡಿನಲ್ಲಿ ಬೀಡುಕಬ್ಬಿಣದ ಬ್ರೇಕ್ ಡ್ರಮ್ಮುಗಳಿಗೆ ಶಾಖವಾಗಿ ಇಳಿಯುತ್ತದೆ.

ಡ್ರಮ್ಮು ಇಡಿಯಾಗಿ ಒಂದೇ ಸಮನೆ ಕಾಯುವಂತಿದ್ದರೆ ಚಿಂತೆಯೇ ಇರಲಿಲ್ಲ. ನಾಲ್ಕೂ ಸೇರಿ 200 ಕಿಲೋ ಎಂದುಕೊಳ್ಳಿ. ಏರುವ ಉಷ್ಣತೆ ಬರೀ 10 ಡಿಗ್ರಿ. ಆದರೆ 5 ಸೆಕೆಂಡಿನಲ್ಲಿ ಶಾಖ ಬೀಡಿನೊಳಕ್ಕೆ ಇಳಿಯುವ ಆಳ ಸುಮಾರು 8 ಮಿಲಿಮೀಟರ್ ಮಾತ್ರ. ಹಾಗಾಗಿ ಲೈನರ್ (ಬ್ರೇಕ್ ಹಾಕಿದಾಗ ಡ್ರಮ್ಮಿಗೆ ಒತ್ತುವ ಪಟ್ಟಿ) ಉಜ್ಜುವ ಒಳಮೈ 40 ಡಿಗ್ರಿಯಷ್ಟು ಏರಿದಾಗಲೂ ಹೊರಮೈಗೆ ಬಿಸಿ ಅಷ್ಟಾಗಿ ತಟ್ಟಿರುವುದಿಲ್ಲ.

ಇದೂ ಸರಾಸರಿಯ ಲೆಕ್ಕವೇ. ಲೈನರ್ ಡ್ರಮ್ಮಿಗೆ ಎಲ್ಲ ಕಡೆ ಸಮನಾಗಿ ಒತ್ತುವುದಿಲ್ಲ. ಸ್ವಲ್ಪ ಹೆಚ್ಚು ಒತ್ತಿದ ಜಾಗ ಹೆಚ್ಚು ಕಾಯುತ್ತದೆ, ಕಾದದ್ದು ಉಬ್ಬುತ್ತದೆ, ಉಬ್ಬಿದ್ದಕ್ಕೆ ಇನ್ನಷ್ಟು ಒತ್ತು ಬೀಳುತ್ತದೆ. ಈ ವಿಷಚಕ್ರವನ್ನು 1960ರ ದಶಕದಲ್ಲಿ ಜೆ.ಆರ್. ಬಾರ್ಬರ್ ಗಣಿತದಲ್ಲಿ ಹಿಡಿದಿಟ್ಟರು. ಇಂಥ ಬಿಸಿಚುಕ್ಕೆಗಳಲ್ಲಿ ಸುತ್ತಲಿನ ಲೋಹಕ್ಕಿಂತ ಉಷ್ಣತೆ ನೂರಾರು ಡಿಗ್ರಿ ಹೆಚ್ಚಿರಬಲ್ಲದು. ನನ್ನ ಮಟ್ಟಿಗೆ ಬ್ರೇಕ್ ವಿಜ್ಞಾನದ ತಿರುಳೇ ಇದು.

ಬಿಸಿಚುಕ್ಕೆ ಹಿಗ್ಗಲು ನೋಡುತ್ತದೆ, ಸುತ್ತಲ ತಣ್ಣನೆಯ ಬೀಡು ಬಿಡುವುದಿಲ್ಲ. 200 ಡಿಗ್ರಿ ವ್ಯತ್ಯಾಸಕ್ಕೆ ಅಲ್ಲಿ ಹುಟ್ಟುವ ಒತ್ತಡ ಸುಮಾರು 240 ಮೆಗಾಪಾಸ್ಕಲ್. ಡ್ರಮ್ಮಿಗೆ ಬಳಸುವ ಬೀಡು ಎಳೆತಕ್ಕೆ ಸಿಕ್ಕಿ ಒಡೆಯುವ ಮಟ್ಟವೂ ಹೆಚ್ಚುಕಡಿಮೆ ಅಷ್ಟೇ. ಕಾದಾಗ ಅದುಮಿಸಿಕೊಂಡು ಆಕಾರ ಕೆಟ್ಟ ಆ ಚುಕ್ಕೆ ತಣಿಯುವಾಗ ಎಳೆತಕ್ಕೆ ಸಿಕ್ಕಿಕೊಳ್ಳುತ್ತದೆ. ಮತ್ತೆ ಬ್ರೇಕು, ಮತ್ತೆ ಅದುಮು, ಮತ್ತೆ ಎಳೆತ. ಕೊನೆಗೆ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ಲೋಹದ ದಣಿವು ಎಂದರೆ ಇದೇ.

ಬಿರುಕು ಯಾವಾಗ ಬಂದೀತೆಂದು ಮುಂಚೆಯೇ ತಿಳಿಯಲು ಎಂಜಿನಿಯರುಗಳು ಡ್ರಮ್ಮನ್ನು ಕಂಪ್ಯೂಟರಿನಲ್ಲಿ ಸಾವಿರಾರು ಪುಟ್ಟ ತುಂಡುಗಳಾಗಿ ವಿಭಾಗಿಸುತ್ತಾರೆ. ಕ್ಷಣಕ್ಷಣಕ್ಕೂ ಪ್ರತಿ ತುಂಡಿನ ಉಷ್ಣತೆ, ಅದರಿಂದ ಹಿಗ್ಗು, ಹಿಗ್ಗಿನಿಂದ ಒತ್ತಡ ಎಷ್ಟೆಂದು ಲೆಕ್ಕ ಹಾಕುತ್ತಾರೆ. ಇದು ಫೈನೈಟ್ ಎಲಿಮೆಂಟ್ ವಿಧಾನ. ಆಯಸ್ಸಿನ ಲೆಕ್ಕಕ್ಕೆ 1950ರ ದಶಕದಲ್ಲಿ ಅಮೆರಿಕದ ಕಾಫಿನ್ ಮತ್ತು ಮ್ಯಾನ್ಸನ್ ಪ್ರತ್ಯೇಕವಾಗಿ ಕಂಡುಕೊಂಡ ನಿಯಮವಿದೆ. ಪ್ರತಿ ಸಲ ಲೋಹದಲ್ಲಿ ಉಳಿಯುವ ವಿಕಾರ ಅರ್ಧಕ್ಕಿಳಿದರೆ ಆಯಸ್ಸು ಮೂರು ನಾಲ್ಕು ಪಟ್ಟಾಗುತ್ತದೆ. ವಿನ್ಯಾಸದಲ್ಲಿ ಮಾಡಿದ ಸಣ್ಣ ತಿದ್ದುಪಡಿಗೂ ದೊಡ್ಡ ಫಲ ಸಿಗುವುದು ಈ ಕಾರಣಕ್ಕೆ.

ಘಾಟಿಯಲ್ಲಿ ಇಳಿಯುವ ರೈಲಿಗೆ ಬ್ರೇಕಿನ ಸಮಸ್ಯೆಯ ರೂಪವೇ ಬೇರೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್ ರೈಲುಹಾದಿ ಕಡಿದಾದ ಕಡೆಗಳಲ್ಲಿ ಪ್ರತಿ 50 ಮೀಟರಿಗೆ 1 ಮೀಟರಿನಷ್ಟು ಇಳಿಯುತ್ತದೆ. ಅಂಥ ಕಡೆ ಗಂಟೆಗೆ 30 ಕಿಲೋಮೀಟರಿನಲ್ಲಿ ಇಳಿಯುವ ರೈಲನ್ನು ತಡೆಹಿಡಿಯಲು ಪ್ರತಿ ಟನ್ನಿಗೆ ಸುಮಾರು ಒಂದೂವರೆ ಕಿಲೋವಾಟ್ ಶಕ್ತಿಯನ್ನು ಎಡೆಬಿಡದೆ ಹೊರಹಾಕಬೇಕು. ಅಲ್ಲಿ ತಣಿಯಲು ಬಿಡುವೇ ಇಲ್ಲ. ಆದ್ದರಿಂದಲೇ ಎಂಜಿನ್ನಿನ ಮೋಟಾರುಗಳನ್ನೇ ಜನರೇಟರುಗಳಂತೆ ದುಡಿಸಿ ಚಕ್ರದ ಬ್ರೇಕುಗಳ ಹೊರೆ ಇಳಿಸುತ್ತಾರೆ. ಬಸವನಗುಡಿಯ ಅಂಚಿನಲ್ಲಿ ನ್ಯಾಷನಲ್ ಕಾಲೇಜು ನಿಲ್ದಾಣಕ್ಕೆ ಬರುವ ಮೆಟ್ರೋ ರೈಲಿನಲ್ಲೂ ಇದೇ ತತ್ವ. ಹುಟ್ಟಿದ ವಿದ್ಯುತ್ತು ಹಳಿಪಕ್ಕದ ವಿದ್ಯುತ್ ಕಂಬಿಗೆ ಮರಳುತ್ತದೆ.

ಬಸ್ಸಿನ ಡ್ರಮ್ಮಿನ ಲೆಕ್ಕಕ್ಕೆ ಮರಳೋಣ. ಕಂಪ್ಯೂಟರಿಗೆ ಬಸ್ಸು ಎಷ್ಟು ಸಲ ನಿಂತಿತು, ಎಷ್ಟು ಜನರನ್ನು ಹೊತ್ತಿತ್ತು, ಎರಡು ಬ್ರೇಕುಗಳ ನಡುವೆ ತಣಿಯಲು ಎಷ್ಟು ಹೊತ್ತು ಸಿಕ್ಕಿತು ಎಂಬುದನ್ನು ನಾವೇ ಹೇಳಬೇಕು. ಖಾಲಿ ಹೆದ್ದಾರಿಯ ಅಂಕಿಗಳನ್ನು ಕೊಟ್ಟು ಬುಲ್ ಟೆಂಪಲ್ ರಸ್ತೆಯ ಡ್ರಮ್ಮಿನ ಆಯಸ್ಸು ಕೇಳಿದರೆ ಬರುವ ಉತ್ತರವನ್ನು ನಂಬಲಾಗದು. 1946ರಲ್ಲಿ ಶುರುವಾದ ಬಿ.ಎಂ.ಎಸ್. ಎಂಜಿನಿಯರಿಂಗ್ ಕಾಲೇಜು ಇದೇ ರಸ್ತೆಯಲ್ಲಿದೆ, ಎನ್.ಆರ್. ಕಾಲೋನಿಯಿಂದ ನಡೆದು ಹೋಗುವಷ್ಟು ದೂರ. ಮೆಕ್ಯಾನಿಕಲ್ ವಿದ್ಯಾರ್ಥಿಗಳೇ, ಪ್ರಾಜೆಕ್ಟಿಗೆ ಇಂಥ ಸಿಮ್ಯುಲೇಷನ್ ಆರಿಸಿಕೊಂಡರೆ ಮೊದಲು ಅನುಮತಿ ಪಡೆದು ಒಂದು ಬಸ್ಸಿನ ಡ್ರಮ್ಮಿಗೆ ಉಷ್ಣತೆ ಅಳೆಯುವ ಸಂವೇದಕ ಕೂರಿಸಿ, ಬೆಳಗಿನಿಂದ ರಾತ್ರಿಯವರೆಗಿನ ಅಂಕಿಗಳನ್ನು ಬರೆದುಕೊಳ್ಳಿ. ಆಮೇಲೆ ಕಂಪ್ಯೂಟರಿನ ಮುಂದೆ ಕೂತುಕೊಳ್ಳಿ.